ಪೋರ್ಟಿಗೆ ಬಂದ ಕಾವಲು: 802.1ಎಕ್ಸ್ ಮಾನಕದ ಚರಿತ್ರೆ

ಕಚೇರಿಯ ಗೋಡೆಯಲ್ಲಿರುವ ನೆಟ್‌ವರ್ಕ್ ಸಾಕೆಟ್‌ಗೆ ಕೇಬಲ್ ಸಿಕ್ಕಿಸಿದ ಕಂಪ್ಯೂಟರು ಯಾರದೆಂದು ವಿಚಾರಿಸಿ, ಉತ್ತರ ಸರಿಯೆನಿಸಿದರೆ ಮಾತ್ರ ಸಂಪರ್ಕ ಕೊಡುವ ಏರ್ಪಾಡು ಇಂದು ಬ್ಯಾಂಕು, ಆಸ್ಪತ್ರೆ, ವಿಶ್ವವಿದ್ಯಾಲಯ, ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಸಾಮಾನ್ಯವಾಗಿದೆ. ಆ ಸಾಕೆಟ್‌ನ ಹಿಂದಿನ ಕೇಬಲ್ ಹೋಗಿ ಸೇರುವ ಪೆಟ್ಟಿಗೆಗೆ ಸ್ವಿಚ್ ಎಂದೂ, ಕೇಬಲ್ ಸೇರುವ ಕಿಂಡಿಗೆ ಪೋರ್ಟ್ ಎಂದೂ ಹೆಸರಿರುವುದರಿಂದ ಈ ಏರ್ಪಾಡನ್ನು ಪೋರ್ಟ್ ಆಧಾರಿತ ದೃಢೀಕರಣವೆಂದು ಕರೆಯಲಾಗುತ್ತದೆ. ಇದಕ್ಕೆ ಆಧಾರವಾದ, ಎಂಜಿನಿಯರುಗಳ ಸಂಸ್ಥೆಯಾದ ಐಇಇಇ ರೂಪಿಸಿದ 802.1ಎಕ್ಸ್ ಎಂಬ ಮಾನಕಕ್ಕೆ ಒಪ್ಪಿಗೆ ದೊರೆತದ್ದು 2001ರ ಜೂನ್‌ನಲ್ಲಿ. ಆ ವೇಳೆಗೆ ಸ್ಥಳೀಯ ಜಾಲಗಳ ತಳಹದಿಯಾದ ಈಥರ್ನೆಟ್ ಹುಟ್ಟಿ 28 ವರ್ಷಗಳಾಗಿದ್ದವು. ಅಷ್ಟು ಕಾಲ ಜಾಲವು ಒಳಬಂದವರನ್ನು ಏನೊಂದನ್ನೂ ಕೇಳದೆ ನಡೆದದ್ದು ಹೇಗೆ, ಕೊನೆಗೆ ಕೇಳತೊಡಗಿದಾಗ ಆ ಪ್ರಶ್ನೆಯ ಭಾಷೆಯನ್ನು ಅದು ಎಲ್ಲಿಂದ ಎರವಲು ಪಡೆಯಿತು ಎಂಬುದನ್ನು ಗಮನಿಸಿದರೆ, ಈ ಮಾನಕದ ಶಕ್ತಿಗಳಿಗೂ ಅದು ಇಂದಿಗೂ ಪೂರ್ತಿ ಕಳೆದುಕೊಳ್ಳದ ದೋಷಗಳಿಗೂ ಒಂದೇ ಮೂಲವಿರುವುದು ಕಾಣುತ್ತದೆ: ಅದು ಈಥರ್ನೆಟ್ಟಿನೊಳಗೆ ಹುಟ್ಟಿದ ವಿಚಾರವಲ್ಲ, ದೂರವಾಣಿ ತಂತಿಯಿಂದ ಕಿತ್ತು ತಂದು ನೆಟ್ಟ ಸಸಿ.

ಈಥರ್ನೆಟ್ಟಿನ ರೂಪುರೇಷೆಯನ್ನು ರಾಬರ್ಟ್ ಮೆಟ್‌ಕಾಫ್ ಅವರು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ 1973ರ ಮೇ 22ರಂದು ಒಂದು ಟಿಪ್ಪಣಿಯಾಗಿ ಬರೆದರು. ಅವರೂ ಡೇವಿಡ್ ಬಾಗ್ಸ್ ಅವರೂ ಸೇರಿ 1976ರಲ್ಲಿ ಅದನ್ನು ವಿದ್ವತ್ಪತ್ರಿಕೆಯೊಂದರಲ್ಲಿ ವಿವರವಾಗಿ ಪ್ರಕಟಿಸಿದರು. ಮುಂದೆ 1980ರಲ್ಲಿ ಡಿಜಿಟಲ್, ಇಂಟೆಲ್ ಮತ್ತು ಜೆರಾಕ್ಸ್ ಕಂಪನಿಗಳು ಸೆಕೆಂಡಿಗೆ 10 ಮೆಗಾಬಿಟ್ ವೇಗದ ಜಂಟಿ ನಿರೂಪಣೆಯನ್ನು ಹೊರತಂದವು, 1983ರಲ್ಲಿ ಅದು 802.3 ಎಂಬ ಹೆಸರಿನಲ್ಲಿ ಐಇಇಇ ಮಾನಕವಾಯಿತು. ಆ ಕಾಲದ ಜಾಲವೆಂದರೆ ಕಟ್ಟಡದ ಉದ್ದಕ್ಕೂ ಎಳೆದ ಒಂದೇ ದಪ್ಪ ಕೇಬಲ್. ಅದರ ಒಂದು ತುಂಡು 500 ಮೀಟರ್‌ವರೆಗೆ ಇರಬಹುದಿತ್ತು, ಅದರ ಮೈಮೇಲೆ 2.5 ಮೀಟರಿಗೊಂದರಂತೆ ಗುರುತುಗಳಿರುತ್ತಿದ್ದವು, ಹೊಸ ಕಂಪ್ಯೂಟರನ್ನು ಸೇರಿಸಬೇಕಾದವರು ಆ ಗುರುತಿನ ಜಾಗದಲ್ಲಿ ಕೇಬಲ್‌ನ ಹೊರಪದರವನ್ನು ಕೊರೆದು, ಒಳಗಿನ ತಾಮ್ರದ ಎಳೆಯನ್ನು ಮುಟ್ಟುವ ಮುಳ್ಳುಳ್ಳ ಹಿಡಿಕೆಯೊಂದನ್ನು ಬಿಗಿದರೆ ಕೆಲಸ ಮುಗಿಯುತ್ತಿತ್ತು. ಹಾಗೆ ಬಿಗಿದ ಕ್ಷಣದಿಂದ ಆ ಯಂತ್ರವು ಎಲ್ಲರಂತೆ ಮಾತಾಡಬಹುದಿತ್ತು. ಅಷ್ಟೇ ಅಲ್ಲದೆ, ಕೇಬಲ್ ಎಲ್ಲರಿಗೂ ಸಾಮಾನ್ಯವಾದ್ದರಿಂದ ಬೇರೆಯವರಿಗೆ ಹೋಗುವ ದತ್ತಾಂಶದ ತುಣುಕುಗಳನ್ನು, ಅಂದರೆ ಫ್ರೇಮ್‌ಗಳನ್ನು, ಕೇಳಿಸಿಕೊಳ್ಳಲೂಬಹುದಿತ್ತು. ಇದನ್ನು ವಿನ್ಯಾಸಕಾರರ ಅಜಾಗರೂಕತೆ ಎನ್ನಲಾಗದು. ಕೇಬಲ್‌ನ ಹತ್ತಿರ ಬರಬೇಕಾದರೆ ಕಟ್ಟಡದೊಳಗೆ ಬರಬೇಕಿತ್ತು, ಕಟ್ಟಡಕ್ಕೆ ಬಾಗಿಲೂ ಬಾಗಿಲಿಗೆ ಕಾವಲುಗಾರನೂ ಇದ್ದರು. ಯಾರು ಸಹೋದ್ಯೋಗಿ, ಯಾರು ಪರಕೀಯ ಎಂಬ ತೀರ್ಮಾನ ಆ ಬಾಗಿಲಲ್ಲೇ ಮುಗಿದುಹೋಗುತ್ತಿತ್ತು. ಅಂಥ ಕಡೆ ತಂತಿಯೂ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ತಂತಿಗೆ ಅಂಥ ಪ್ರಶ್ನೆ ಕೇಳುವ ಸಾಮರ್ಥ್ಯವೂ ಇರಲಿಲ್ಲ. ಎಲ್ಲರೂ ಹಂಚಿಕೊಂಡ ಕೇಬಲ್‌ನಲ್ಲಿ ಒಬ್ಬನನ್ನು ತಡೆದು ನಿಲ್ಲಿಸುವ ಜಾಗವೇ ಇಲ್ಲ. ಅಂಥ ಜಾಗವೊಂದು ಸೃಷ್ಟಿಯಾದದ್ದು 1990ರ ಸುಮಾರಿಗೆ, ಭದ್ರತೆಗೆ ಸಂಬಂಧವೇ ಇಲ್ಲದ ಎರಡು ಬದಲಾವಣೆಗಳಿಂದ. ಮೊದಲನೆಯದು ಅದೇ ವರ್ಷ ಮಾನಕವಾದ 10ಬೇಸ್-ಟಿ: ದೂರವಾಣಿ ತಂತಿಯಂತೆ ಹೆಣೆದ ಜೋಡಿ ಎಳೆಗಳ ಕೇಬಲ್ಲು ಪ್ರತಿ ಕಂಪ್ಯೂಟರಿನಿಂದ ಹೊರಟು, ನೂರು ಮೀಟರಿನ ಮಿತಿಯೊಳಗೆ, ನಡುವಿನ ಒಂದು ಪೆಟ್ಟಿಗೆಗೆ ಸೇರುವ ಪದ್ಧತಿ. ಎರಡನೆಯದು ಆ ಪೆಟ್ಟಿಗೆಯೇ ಬುದ್ಧಿ ಪಡೆದದ್ದು. ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅವರು ಸಹಸ್ಥಾಪಕರಾಗಿದ್ದ ಕಲ್ಪನಾ ಎಂಬ ಕ್ಯಾಲಿಫೋರ್ನಿಯಾದ ಕಂಪನಿ 1990ರಲ್ಲಿ ಈಥರ್‌ಸ್ವಿಚ್ ಎಂಬ ಏಳು ಪೋರ್ಟುಗಳ ಉಪಕರಣವನ್ನು ಮಾರುಕಟ್ಟೆಗೆ ತಂದಿತು; ಅದು ಒಂದು ಪೋರ್ಟಿನಿಂದ ಬಂದದ್ದನ್ನು ಎಲ್ಲ ಕಡೆಗೂ ಎರಚದೆ, ತಲುಪಬೇಕಾದವರ ಪೋರ್ಟಿಗಷ್ಟೇ ಕಳುಹಿಸುತ್ತಿತ್ತು. ನಾಲ್ಕೇ ವರ್ಷಗಳಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡಿತು, ಹತ್ತು ವರ್ಷಗಳೊಳಗೆ ಸ್ವಿಚ್ ಎಲ್ಲೆಡೆ ಮಾಮೂಲಾಯಿತು. ಎಲ್ಲರೂ ಕೊಂಡದ್ದು ವೇಗಕ್ಕಾಗಿ, ಆದರೆ ಅದರೊಂದಿಗೆ ಒಬ್ಬ ಬಳಕೆದಾರನಿಗೆ ಒಂದು ಪೋರ್ಟ್ ಎಂಬ ಸ್ಥಿತಿಯೂ ತಾನಾಗಿ ಬಂದಿತು. ತಡೆಯಬಹುದಾದ ಗೇಟೊಂದು ಮೊದಲ ಬಾರಿಗೆ ಸಿದ್ಧವಾಯಿತು.

ಗೇಟಿನ ಅಗತ್ಯವೂ ಅದೇ ದಶಕದಲ್ಲಿ ಬೆಳೆಯಿತು. ಸಭಾಂಗಣ, ಗ್ರಂಥಾಲಯ, ವಿದ್ಯಾರ್ಥಿನಿಲಯ, ಸ್ವಾಗತ ಕೊಠಡಿ ಎನ್ನದೆ ಎಲ್ಲ ಗೋಡೆಗಳಲ್ಲೂ ಸಾಕೆಟ್‌ಗಳು ಬಂದವು, ಕಂಪ್ಯೂಟರು ಮೇಜಿನಿಂದ ಕಳಚಿಕೊಂಡು ಲ್ಯಾಪ್‌ಟಾಪ್ ಆಗಿ ಓಡಾಡತೊಡಗಿತು, ಹೊರಗಿನ ಸಲಹೆಗಾರರೂ ಗುತ್ತಿಗೆಯ ನೌಕರರೂ ತಮ್ಮ ಯಂತ್ರಗಳನ್ನು ಹೊತ್ತು ಒಳಗೆ ಬಂದರು. ಬಾಗಿಲ ಕಾವಲುಗಾರ ಇವರನ್ನು ಒಳಬಿಡಲೇಬೇಕು. ಆದರೆ ಒಳಬಂದವರೆಲ್ಲರೂ ಲೆಕ್ಕಪತ್ರ ವಿಭಾಗದ ಸರ್ವರನ್ನು ಮುಟ್ಟಬೇಕಾಗಿಲ್ಲ. ತಯಾರಕರು ಆಗ ಕೊಟ್ಟ ಪರಿಹಾರಗಳು ಮ್ಯಾಕ್ ವಿಳಾಸವನ್ನು ಆಧರಿಸಿದ್ದವು. ಪ್ರತಿ ನೆಟ್‌ವರ್ಕ್ ಕಾರ್ಡಿಗೆ ಕಾರ್ಖಾನೆಯಲ್ಲೇ ಬರೆದ 48 ಬಿಟ್‌ಗಳ ಗುರುತುಸಂಖ್ಯೆಯೇ ಮ್ಯಾಕ್ ವಿಳಾಸ. ಪೋರ್ಟ್ ಸೆಕ್ಯುರಿಟಿ ಎಂಬ ಸೌಲಭ್ಯವು ಇಂಥ ಪೋರ್ಟಿನಲ್ಲಿ ಇಂಥ ವಿಳಾಸ ಮಾತ್ರ ಎಂದು ಕಟ್ಟುಹಾಕುತ್ತಿತ್ತು, ಸಿಸ್ಕೊ ಸ್ವಿಚ್‌ಗಳಲ್ಲಿದ್ದ ವಿಎಂಪಿಎಸ್ ಎಂಬ ಇನ್ನೊಂದು ಏರ್ಪಾಡು ವಿಳಾಸಗಳ ಪಟ್ಟಿಯನ್ನು ನೋಡಿ ಯಾವ ಯಂತ್ರ ಯಾವ ವಿಲ್ಯಾನ್‌ಗೆ ಸೇರಬೇಕೆಂದು ಹೇಳುತ್ತಿತ್ತು. ವಿಲ್ಯಾನ್ ಎಂದರೆ ಒಂದೇ ಸ್ವಿಚ್ಚಿನೊಳಗೆ ಪರಸ್ಪರ ಬೆರೆಯದಂತೆ ಬೇರ್ಪಡಿಸಿದ ತಾರ್ಕಿಕ ಜಾಲ. ಆದರೆ ಮ್ಯಾಕ್ ವಿಳಾಸವನ್ನು ಸಾಫ್ಟ್‌ವೇರಿನಲ್ಲಿ ಕ್ಷಣಮಾತ್ರದಲ್ಲಿ ಬದಲಿಸಬಹುದು, ಅದು ಪ್ರತಿ ಫ್ರೇಮಿನಲ್ಲೂ ಬಟಾಬಯಲಾಗಿ ಸಾಗುತ್ತದೆ, ಮಿಗಿಲಾಗಿ ಅದು ಯಂತ್ರದ ಗುರುತೇ ಹೊರತು ಮನುಷ್ಯನದಲ್ಲ. ಸಾವಿರಾರು ವಿಳಾಸಗಳ ಪಟ್ಟಿಯನ್ನು ಕೈಯಿಂದ ನಿರ್ವಹಿಸುವುದಂತೂ ಯಾವ ಕಚೇರಿಗೂ ಬಹುಕಾಲ ಸಾಧ್ಯವಾಗಲಿಲ್ಲ.

ಇಷ್ಟರಲ್ಲಿ ಇದೇ ಸಮಸ್ಯೆಗೆ ಬೇರೊಂದು ಕಡೆ ಉತ್ತರ ಸಿಕ್ಕಿತ್ತು. ಮನೆಯಿಂದ ಮೋಡೆಮ್ ಮೂಲಕ ಕರೆ ಮಾಡಿ ಜಾಲಕ್ಕೆ ಸೇರುವವರನ್ನು ಯಾವ ಕಾವಲುಗಾರನೂ ನೋಡುವಂತಿರಲಿಲ್ಲ. ದೂರವಾಣಿ ಸಂಖ್ಯೆ ಗೊತ್ತಿದ್ದ ಯಾರಾದರೂ ಕರೆ ಮಾಡಬಹುದಿತ್ತು, ಯಾರು ಎಷ್ಟು ಹೊತ್ತು ಬಳಸಿದರೆಂಬ ಲೆಕ್ಕವೂ ಬೇಕಿತ್ತು. ಆದ್ದರಿಂದ ದೂರವಾಣಿ ತಂತಿಯ ಮೇಲೆ ದತ್ತಾಂಶ ಸಾಗಿಸಲು ರೂಪಿಸಿದ ಪಿಪಿಪಿ ಎಂಬ ಶಿಷ್ಟಾಚಾರವು, ಅಂದರೆ ಯಂತ್ರಗಳು ಪರಸ್ಪರ ಮಾತಾಡುವ ಕಟ್ಟುಪಾಡು, ಆರಂಭದಿಂದಲೇ ದೃಢೀಕರಣಕ್ಕೆ ಒಂದು ಹಂತವನ್ನು ಮೀಸಲಿಟ್ಟಿತು. 1992ರಲ್ಲಿ ಅದಕ್ಕೆ ಎರಡು ವಿಧಾನಗಳನ್ನು ಗೊತ್ತುಪಡಿಸಲಾಯಿತು: ಪಾಸ್‌ವರ್ಡನ್ನು ಇದ್ದಂತೆಯೇ ಕಳುಹಿಸುವ ಪಿಎಪಿ, ಮತ್ತು ಸರ್ವರು ಕೊಟ್ಟ ಸವಾಲಿಗೆ ಪಾಸ್‌ವರ್ಡನ್ನು ಬಳಸಿ ಲೆಕ್ಕಹಾಕಿದ ಉತ್ತರವನ್ನಷ್ಟೇ ಕಳುಹಿಸುವ ಸಿಎಚ್ಎಪಿ.

ಕರೆಗಳನ್ನು ಸ್ವೀಕರಿಸುವ ಉಪಕರಣಗಳು ಊರೂರುಗಳಲ್ಲಿ ಹಂಚಿಹೋದಾಗ ಪ್ರತಿಯೊಂದರಲ್ಲೂ ಬಳಕೆದಾರರ ಪಟ್ಟಿ ಇಡುವುದು ಅಸಾಧ್ಯವಾಯಿತು. ಅಮೆರಿಕದ ಸಂಶೋಧನಾ ಜಾಲವಾದ ಎನ್‌ಎಸ್‌ಎಫ್‌ನೆಟ್ಟಿನ ಬೆನ್ನೆಲುಬನ್ನು ನಡೆಸುತ್ತಿದ್ದ, ಮಿಷಿಗನ್ ರಾಜ್ಯದ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಮೆರಿಟ್ ನೆಟ್‌ವರ್ಕ್ 1991ರಲ್ಲಿ ಇದಕ್ಕೊಂದು ಪರಿಹಾರ ಬೇಕೆಂದು ಕೇಳಿತು. ಉತ್ತರ ಕೊಟ್ಟದ್ದು ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಸಣ್ಣ ಕಂಪನಿ. ಹಾಗೆ ಹುಟ್ಟಿದ ರೇಡಿಯಸ್ ಎಂಬ ಶಿಷ್ಟಾಚಾರದ ತಿರುಳು ಸರಳವಾದದ್ದು: ಬಾಗಿಲಲ್ಲಿರುವ ಉಪಕರಣವು ತಾನೇ ತೀರ್ಮಾನಿಸದೆ, ಬಂದವನ ಹೆಸರನ್ನೂ ಪಾಸ್‌ವರ್ಡನ್ನೂ ಕೇಂದ್ರದ ಸರ್ವರಿಗೆ ಒಪ್ಪಿಸುತ್ತದೆ, ಅಲ್ಲಿಂದ ಒಪ್ಪಿಗೆ, ತಿರಸ್ಕಾರ ಅಥವಾ ಮರುಸವಾಲು ಎಂಬ ಮೂರರಲ್ಲಿ ಒಂದು ಉತ್ತರ ಬರುತ್ತದೆ, ಉಪಕರಣವೂ ಸರ್ವರೂ ಮೊದಲೇ ಹಂಚಿಕೊಂಡ ಗುಟ್ಟಿನ ಪದವೊಂದು ಇಬ್ಬರ ನಡುವಿನ ಮಾತಿಗೆ ಸಾಕ್ಷಿಯಾಗಿರುತ್ತದೆ. ಇಂಟರ್ನೆಟ್ ಶಿಷ್ಟಾಚಾರಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆ ಇದನ್ನು 1997ರ ಜನವರಿಯಲ್ಲಿ ಆರ್‌ಎಫ್‌ಸಿ 2058 ಎಂಬ ದಾಖಲೆಯಾಗಿ ಪ್ರಕಟಿಸಿತು, 2000ದ ಜೂನ್‌ನಲ್ಲಿ ಅದು ಆರ್‌ಎಫ್‌ಸಿ 2865 ಆಗಿ ಸ್ಥಿರ ರೂಪ ಪಡೆಯಿತು. ಸರ್ವರಿನಲ್ಲಿ ಈ ಸೇವೆಯನ್ನು ಗುರುತಿಸಲು ಆರಂಭದ ಅನುಷ್ಠಾನಗಳು ಬಳಸಿದ 1645 ಎಂಬ ಸಂಖ್ಯೆ ಬೇರೊಂದು ಸೇವೆಗೆ ಮೀಸಲಾಗಿತ್ತೆಂದು ತಿಳಿದಮೇಲೆ ಅಧಿಕೃತವಾಗಿ 1812 ಎಂಬ ಸಂಖ್ಯೆಯನ್ನು ಕೊಡಲಾಯಿತು. ಆದರೂ ಹಳೆಯ ಸಂಖ್ಯೆಯನ್ನೇ ಹಿಡಿದು ಕುಳಿತ ಸ್ವಿಚ್ಚೊಂದು ಹೊಸ ಸಂಖ್ಯೆಯ ಸರ್ವರಿನಿಂದ ಉತ್ತರ ಬಾರದೆ ಕಾಯುವ ಪ್ರಸಂಗ ಇಂದಿನ ನಿರ್ವಾಹಕರಿಗೂ ಅಪರಿಚಿತವಲ್ಲ.

ದೂರವಾಣಿ ಲೋಕದಿಂದ ಬಂದ ಎರಡನೆಯ ಕೊಡುಗೆ ಇಎಪಿ. ಕೈಯಲ್ಲಿ ಹಿಡಿಯುವ ಸಂಖ್ಯಾ ಟೋಕನ್, ಸ್ಮಾರ್ಟ್ ಕಾರ್ಡ್, ಡಿಜಿಟಲ್ ಪ್ರಮಾಣಪತ್ರ ಎಂದು ದೃಢೀಕರಣದ ಬಗೆಗಳು ಹೆಚ್ಚುತ್ತ ಹೋದಂತೆ ಪ್ರತಿ ಹೊಸ ಬಗೆಗೂ ಪಿಪಿಪಿಯನ್ನು ತಿದ್ದುವುದು ಸರಿಯಲ್ಲವೆಂದು ಮೆರಿಟ್‌ನ ಲ್ಯಾರಿ ಬ್ಲಂಕ್ ಮತ್ತು ಜಾನ್ ವೋಲ್‌ಬ್ರೆಕ್ಟ್ ಅವರು 1998ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2284 ಮೂಲಕ ಒಂದು ಖಾಲಿ ಲಕೋಟೆಯಂಥ ಶಿಷ್ಟಾಚಾರವನ್ನು ಮುಂದಿಟ್ಟರು. ವಿನಂತಿ, ಉತ್ತರ, ಯಶಸ್ಸು, ವೈಫಲ್ಯ ಎಂಬ ನಾಲ್ಕೇ ಬಗೆಯ ಸಂದೇಶಗಳು. ಒಳಗೆ ಯಾವ ವಿಧಾನವಿದೆಯೆಂಬುದು ಬಳಕೆದಾರನ ಯಂತ್ರಕ್ಕೂ ಕೇಂದ್ರದ ಸರ್ವರಿಗೂ ಗೊತ್ತಿದ್ದರೆ ಸಾಕು, ನಡುವಿನ ಉಪಕರಣ ಅದನ್ನು ತೆರೆದು ನೋಡಬೇಕಾಗಿಲ್ಲ. ಮುಂದಿನ ವರ್ಷವೇ ಎರಡೂ ಕಡೆಯವರು ಪ್ರಮಾಣಪತ್ರ ತೋರಿಸಿ ಪರಸ್ಪರ ಖಚಿತಪಡಿಸಿಕೊಳ್ಳುವ ಇಎಪಿ-ಟಿಎಲ್‌ಎಸ್ ಎಂಬ ವಿಧಾನ ಬಂದಿತು. ನಡುವಿನ ಉಪಕರಣದ ಈ ಉದಾಸೀನತೆಯಿಂದಾಗಿಯೇ ಇಎಪಿ ದೂರವಾಣಿಯನ್ನು ದಾಟಿ ಬದುಕಿತೆಂದು ಹೇಳಬೇಕು. 2001ರಲ್ಲಿ ಕೊಂಡ ಸ್ವಿಚ್ಚು ಆಗ ಹುಟ್ಟಿರದ ವಿಧಾನಗಳನ್ನೂ ಸಾಗಿಸಬಲ್ಲದಾಗಿತ್ತು.

ಇದನ್ನು ಈಥರ್ನೆಟ್ಟಿಗೆ ತರುವ ಪ್ರಸ್ತಾಪವನ್ನು 3ಕಾಮ್, ಹ್ಯೂಲೆಟ್-ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳ ಎಂಜಿನಿಯರುಗಳು ಐಇಇಇಯ 802.1 ಕಾರ್ಯತಂಡದ ಮುಂದಿಟ್ಟದ್ದು 1999ರಲ್ಲಿ. ಎರಡು ವರ್ಷಗಳ ಚರ್ಚೆಯ ಬಳಿಕ ಒಪ್ಪಿಗೆಯಾದ ಮಾನಕದ ಹೆಸರಿನಲ್ಲಿರುವ ಎಕ್ಸ್ ದೊಡ್ಡಕ್ಷರವಾಗಿರುವುದಕ್ಕೆ ಕಾರಣವಿದೆ: ಆ ಸಂಸ್ಥೆಯ ಪದ್ಧತಿಯಲ್ಲಿ ಸ್ವತಂತ್ರ ಮಾನಕಕ್ಕೆ ದೊಡ್ಡಕ್ಷರ, ಇರುವ ಮಾನಕದ ತಿದ್ದುಪಡಿಗೆ ಚಿಕ್ಕಕ್ಷರ. ಮಾನಕವು ಮೂರು ಪಾತ್ರಗಳನ್ನು ಗುರುತಿಸುತ್ತದೆ. ಪ್ರವೇಶ ಕೋರುವ ಕಂಪ್ಯೂಟರಿನಲ್ಲಿರುವ ತಂತ್ರಾಂಶ ಸಪ್ಲಿಕಂಟ್, ಬಾಗಿಲಲ್ಲಿ ನಿಂತ ಸ್ವಿಚ್ಚು ಅಥೆಂಟಿಕೇಟರ್, ತೀರ್ಪು ಕೊಡುವ ಕೇಂದ್ರವು ಅಥೆಂಟಿಕೇಷನ್ ಸರ್ವರ್. ಪ್ರತಿ ಪೋರ್ಟನ್ನೂ ಅದು ತಾರ್ಕಿಕವಾಗಿ ಎರಡಾಗಿ ಸೀಳುತ್ತದೆ: ಒಂದು ಸದಾ ತೆರೆದಿದ್ದರೂ ದೃಢೀಕರಣದ ಮಾತುಕತೆಗೆ ಮಾತ್ರ ಮೀಸಲು, ಇನ್ನೊಂದು ಸಾಮಾನ್ಯ ಸಂಚಾರದ್ದು, ಒಪ್ಪಿಗೆ ಸಿಗುವವರೆಗೆ ಮುಚ್ಚಿರುತ್ತದೆ. ತಂತಿಯ ಮೇಲೆ ಇಎಪಿ ಸಂದೇಶಗಳನ್ನು ಹೊತ್ತೊಯ್ಯುವ ಫ್ರೇಮ್‌ಗಳಿಗೆ ಇಎಪಿಒಎಲ್ ಎಂದು ಹೆಸರಿಟ್ಟು, ಅವುಗಳನ್ನು ಗುರುತಿಸಲು 888ಇ ಎಂಬ ಹದಿನಾರರ ಎಣಿಕೆಯ ಸಂಖ್ಯೆಯನ್ನು ಕೊಡಲಾಯಿತು. ಆ ಫ್ರೇಮ್‌ಗಳು ಹೋಗಬೇಕಾದ ಗುಂಪು ವಿಳಾಸವನ್ನು, ಮಾನಕಕ್ಕೆ ಬದ್ಧವಾದ ಯಾವ ಸ್ವಿಚ್ಚೂ ಮುಂದಕ್ಕೆ ದಾಟಿಸಬಾರದ ವಿಳಾಸಗಳ ಸಾಲಿನಿಂದ ಆರಿಸಲಾಯಿತು. ಹೀಗಾಗಿ ಮಾತುಕತೆ ಆ ಒಂದು ಕೇಬಲ್‌ನ ಎರಡು ತುದಿಗಳ ನಡುವೆಯೇ ಉಳಿಯುತ್ತದೆ.

ಒಂದು ಪ್ರವೇಶವನ್ನು ಹತ್ತಿರದಿಂದ ನೋಡಿದರೆ ಈ ಏರ್ಪಾಡಿನ ಜಾಣ್ಮೆ ಸ್ಪಷ್ಟವಾಗುತ್ತದೆ. ಕೇಬಲ್ ಸಿಕ್ಕಿಸಿದ ಕೂಡಲೇ ಸ್ವಿಚ್ಚು ಗುರುತೇನೆಂದು ಕೇಳುತ್ತದೆ, ಅಥವಾ ಕಂಪ್ಯೂಟರೇ ಆರಂಭದ ಸಂದೇಶ ಕಳುಹಿಸಿ ಕೇಳುವಂತೆ ಮಾಡುತ್ತದೆ. ಕಂಪ್ಯೂಟರು ಹೆಸರು ಹೇಳಿದಾಗ ಸ್ವಿಚ್ಚು ಆ ಉತ್ತರವನ್ನು ತಾನೇ ಪರೀಕ್ಷಿಸುವ ಗೋಜಿಗೆ ಹೋಗದೆ ರೇಡಿಯಸ್ ಸಂದೇಶದೊಳಗಿಟ್ಟು ಸರ್ವರಿಗೆ ರವಾನಿಸುತ್ತದೆ; ಸರ್ವರು ತನಗೆ ಬೇಕಾದ ವಿಧಾನವನ್ನು ಸೂಚಿಸಿ ಸವಾಲು ಕಳುಹಿಸುತ್ತದೆ; ಪ್ರಮಾಣಪತ್ರಗಳ ವಿಧಾನವಾದರೆ ಸವಾಲು ಜವಾಬುಗಳು ಹಲವು ಸುತ್ತು ನಡೆಯುತ್ತವೆ. ಈ ಹೊತ್ತಿನಲ್ಲೆಲ್ಲ ಕಂಪ್ಯೂಟರಿಗೆ ಐಪಿ ವಿಳಾಸವೇ ಇರುವುದಿಲ್ಲ, ಅದನ್ನು ಕೇಳುವ ಸಂದೇಶವೂ ಮುಚ್ಚಿದ ಪೋರ್ಟಿನಲ್ಲಿ ಬಿದ್ದುಹೋಗುತ್ತದೆ. ಕೊನೆಗೆ ಸರ್ವರಿನಿಂದ ಒಪ್ಪಿಗೆ ಬಂದಾಗ ಸ್ವಿಚ್ಚು ಯಶಸ್ಸಿನ ಸಂದೇಶವನ್ನು ದಾಟಿಸಿ ಪೋರ್ಟನ್ನು ತೆರೆಯುತ್ತದೆ; ಕೇಬಲ್ ಕಿತ್ತರೆ ಅಥವಾ ಬಳಕೆದಾರ ನಿರ್ಗಮನದ ಸಂದೇಶ ಕಳುಹಿಸಿದರೆ ಮತ್ತೆ ಮುಚ್ಚುತ್ತದೆ.

ಸ್ವಿಚ್ಚಿನಲ್ಲಿ ಇದನ್ನು ಅಳವಡಿಸುವ ಕ್ರಮದಲ್ಲೂ ಮಾನಕದ ಮನೋಧರ್ಮ ಕಾಣಿಸುತ್ತದೆ. ಪ್ರತಿ ಪೋರ್ಟಿಗೆ ಮೂರು ಸ್ಥಿತಿಗಳನ್ನು ಅದು ಗೊತ್ತುಪಡಿಸಿದೆ: ಯಾರನ್ನೂ ಕೇಳದೆ ತೆರೆದಿಡುವುದು, ಯಾರೇ ಬಂದರೂ ಮುಚ್ಚಿಡುವುದು, ದೃಢೀಕರಣದ ಫಲಿತಾಂಶದಂತೆ ನಡೆಯುವುದು. ಸಿಸ್ಕೊ ಸ್ವಿಚ್‌ಗಳ ಆದೇಶಭಾಷೆಯಲ್ಲಿ ನಿರ್ವಾಹಕನು ಮೊದಲು 'ಎಎಎ ನ್ಯೂ-ಮಾಡೆಲ್' ಎಂದು ಬರೆದು, ರೇಡಿಯಸ್ ಸರ್ವರಿನ ವಿಳಾಸವನ್ನೂ ಗುಟ್ಟಿನ ಪದವನ್ನೂ ಕೊಟ್ಟು, 'ಡಾಟ್1ಎಕ್ಸ್ ಸಿಸ್ಟಮ್-ಆಥ್-ಕಂಟ್ರೋಲ್' ಎಂದು ಇಡೀ ಸ್ವಿಚ್ಚಿಗೆ ಚಾಲನೆ ಕೊಟ್ಟರೂ ಏನೂ ಆಗುವುದಿಲ್ಲ. ಪೋರ್ಟುಗಳೆಲ್ಲ ಮೂಲತಃ ತೆರೆದಿಡುವ ಸ್ಥಿತಿಯಲ್ಲೇ ಇರುವುದರಿಂದ ಒಂದೊಂದನ್ನೂ 'ಆಟೋ' ಎಂದು ಬದಲಿಸಿದಾಗ ಮಾತ್ರ ಕಾವಲು ಶುರುವಾಗುತ್ತದೆ. ಮೊದಲ ಆದೇಶವು ಸ್ವಿಚ್ಚಿಗೇ ದೂರದಿಂದ ಲಾಗಿನ್ ಆಗುವ ಕ್ರಮವನ್ನು ತಕ್ಷಣ ಬದಲಿಸುವುದರಿಂದ, ಸ್ಥಳೀಯ ಹೆಸರು ಮತ್ತು ಪಾಸ್‌ವರ್ಡನ್ನು ಮೊದಲೇ ಸೃಷ್ಟಿಸಿಕೊಳ್ಳದವರು ತಮ್ಮದೇ ಸ್ವಿಚ್ಚಿನಿಂದ ಹೊರಗುಳಿದದ್ದೂ ಈ ವೃತ್ತಿಯ ಚರಿತ್ರೆಯ ಭಾಗವೇ ಸರಿ. ಇನ್ನೊಂದು ಸೂಕ್ಷ್ಮವೂ ಮೂಲ ಮಾನಕದಲ್ಲೇ ಇತ್ತು. ರಾತ್ರಿ ಮಲಗಿಸಿದ ಕಂಪ್ಯೂಟರನ್ನು ಜಾಲದ ಮೂಲಕ ಎಬ್ಬಿಸಿ ತಂತ್ರಾಂಶ ನವೀಕರಿಸುವ ರೂಢಿ ಆಗಲೇ ಇದ್ದು, ಮಲಗಿದ ಯಂತ್ರ ದೃಢೀಕರಣಕ್ಕೆ ಉತ್ತರಿಸಲಾರದೆ ಪೋರ್ಟು ಮುಚ್ಚಿದ್ದರೆ ಎಬ್ಬಿಸುವ ಸಂದೇಶವೂ ತಲುಪದು. ಅದಕ್ಕಾಗಿ ಒಳಬರುವ ಸಂಚಾರವನ್ನು ಮಾತ್ರ ತಡೆದು ಹೊರಹೋಗುವುದನ್ನು ಬಿಡುವ ಆಯ್ಕೆಯನ್ನು ಇಡಲಾಯಿತು.

ಇಷ್ಟೆಲ್ಲ ಇದ್ದರೂ ತಂತಿಯ ಜಾಲಕ್ಕಾಗಿ ಬರೆದ ಈ ಮಾನಕವನ್ನು ಬದುಕಿಸಿದ್ದು ತಂತಿಯಿಲ್ಲದ ಜಾಲ. ನಿಸ್ತಂತು ಸಂಪರ್ಕದ 802.11 ಮಾನಕದೊಂದಿಗೆ ಬಂದಿದ್ದ ವೆಪ್ ಎಂಬ ಗೂಢಲಿಪೀಕರಣ ಕ್ರಮದ ಬುಡವನ್ನೇ ಸ್ಕಾಟ್ ಫ್ಲೂರರ್, ಇಟ್ಸಿಕ್ ಮಾಂಟಿನ್ ಮತ್ತು ಆದಿ ಶಮೀರ್ ಅವರ ಸಂಶೋಧನೆ 2001ರಲ್ಲಿ ಅಲುಗಾಡಿಸಿತು. ಗಾಳಿಯಲ್ಲಿ ಹರಡುವ ಜಾಲಕ್ಕೆ ಗೋಡೆಯ ರಕ್ಷಣೆಯೂ ಇಲ್ಲ, ಕೀಲಿಯೂ ಗಟ್ಟಿಯಲ್ಲ ಎಂದಾದಾಗ ಎಲ್ಲರ ಕಣ್ಣೂ ಆಗಷ್ಟೇ ಹೊರಬಂದಿದ್ದ 802.1ಎಕ್ಸ್ ಕಡೆ ತಿರುಗಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ ಸಪ್ಲಿಕಂಟ್ ಅಡಕವಾಗಿಯೇ ಬಂದದ್ದು ದೊಡ್ಡ ಬಲವಾಯಿತು. ಆದರೆ ಎರವಲು ತಂದ ಉಡುಪಿನ ಅಳತೆ ಹೊಂದಲಿಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅರುಣೇಶ್ ಮಿಶ್ರಾ ಮತ್ತು ವಿಲಿಯಂ ಆರ್ಬಾ ಅವರು 2002ರ ಫೆಬ್ರವರಿಯಲ್ಲೇ ತೋರಿಸಿಕೊಟ್ಟಂತೆ, ದೃಢೀಕರಣ ಮುಗಿದ ಬಳಕೆದಾರನನ್ನು ಸುಳ್ಳು ಸಂದೇಶದಿಂದ ಹೊರದಬ್ಬಿ ಅವನ ಮ್ಯಾಕ್ ವಿಳಾಸವನ್ನು ಧರಿಸಿದವನಿಗೆ ತೆರೆದ ಪೋರ್ಟು ಹಾಗೆಯೇ ದಕ್ಕುತ್ತಿತ್ತು. ದೂರವಾಣಿ ತಂತಿಯಲ್ಲಿ ಒಂದು ಕರೆಗೆ ಒಬ್ಬನೇ ಇರುತ್ತಾನೆಂಬ ನಂಬಿಕೆ ಮಾನಕದೊಳಗೆ ಮಾತಿಲ್ಲದೆ ಕುಳಿತಿತ್ತು. ನಿಸ್ತಂತು ಲೋಕವು ಈ ಬಿರುಕನ್ನು 2004ರ 802.11ಐ ಮಾನಕದ ಮೂಲಕ ಮುಚ್ಚಿತು: ದೃಢೀಕರಣದ ವೇಳೆ ಹುಟ್ಟಿದ ಕೀಲಿಯಿಂದಲೇ ಮುಂದಿನ ಪ್ರತಿ ಫ್ರೇಮನ್ನೂ ಗೂಢಲಿಪಿಗೊಳಿಸುವಂತೆ ಮಾಡಿತು. ಇಂದು ಎಂಟರ್‌ಪ್ರೈಸ್ ಎಂಬ ಹೆಸರಿನಲ್ಲಿ ಕಚೇರಿಗಳ ವೈಫೈ ಸಂಪರ್ಕದಲ್ಲಿ ನಡೆಯುವುದು ಇದೇ.

ಒಳಗಿನ ವಿಧಾನಗಳ ಪೈಪೋಟಿ ಮಾತ್ರ ವರ್ಷಗಟ್ಟಲೆ ನಡೆಯಿತು. ಪ್ರತಿ ಯಂತ್ರಕ್ಕೂ ಪ್ರಮಾಣಪತ್ರ ಹಂಚುವ ಹೊರೆಯನ್ನು ತಪ್ಪಿಸಿಕೊಳ್ಳಲು ಸಿಸ್ಕೊ ತಂದ ಲೀಪ್ ಎಂಬ ಪಾಸ್‌ವರ್ಡ್ ವಿಧಾನವನ್ನು ಜೋಶುವಾ ರೈಟ್ ಅವರ ಸಾಧನವೊಂದು ಕೆಲವೇ ವರ್ಷಗಳಲ್ಲಿ ನಿರರ್ಥಕಗೊಳಿಸಿತು. ಬಳಿಕ ಸರ್ವರಿನ ಪ್ರಮಾಣಪತ್ರದಿಂದ ಸುರಕ್ಷಿತ ಸುರಂಗ ತೋಡಿ ಅದರೊಳಗೆ ಪಾಸ್‌ವರ್ಡ್ ಕಳುಹಿಸುವ ಪೀಪ್ ಮತ್ತು ಟಿಟಿಎಲ್‌ಎಸ್ ವಿಧಾನಗಳು ಬಂದವು. ಪೀಪ್ ಒಳಗೆ ಸಾಮಾನ್ಯವಾಗಿ ಬಳಕೆಯಾಗುವ, ಸಿಎಚ್ಎಪಿಯ ಮೈಕ್ರೋಸಾಫ್ಟ್ ರೂಪವಾದ ಎಂಎಸ್-ಚಾಪ್ ಎರಡನೆಯ ಆವೃತ್ತಿಯ ಬಲ ಎಷ್ಟೆಂಬುದು 2012ರಲ್ಲಿ ಬಯಲಾದಮೇಲೂ ಅದು ಬಳಕೆಯಿಂದ ಬೇಗ ಹೋಗಲಿಲ್ಲ.

ತಂತಿಯ ಜಾಲದಲ್ಲಿ ಮಾನಕಕ್ಕೆ ಬೇಡಿಕೆ ತಂದದ್ದು ಎರಡು ಸಂಗತಿಗಳು. 2003ರ ಸೆಪ್ಟೆಂಬರಿನ ಆರ್‌ಎಫ್‌ಸಿ 3580 ಎಂಬ ದಾಖಲೆಯು, ರೇಡಿಯಸ್ ಒಪ್ಪಿಗೆಯ ಜೊತೆಗೇ ಬಳಕೆದಾರ ಯಾವ ವಿಲ್ಯಾನ್‌ಗೆ ಸೇರಬೇಕೆಂಬುದನ್ನೂ ಹೇಳಿಕಳುಹಿಸುವ ಕ್ರಮವನ್ನು ನಿಗದಿಪಡಿಸಿತು. ಆದ್ದರಿಂದ ಹೌದು ಅಥವಾ ಅಲ್ಲ ಎನ್ನುವಷ್ಟಕ್ಕೇ ಸೀಮಿತವಾಗಿದ್ದ ಕಾವಲು, ವಿದ್ಯಾರ್ಥಿಯನ್ನು ಒಂದು ಜಾಲಕ್ಕೂ ಅಧ್ಯಾಪಕರನ್ನು ಇನ್ನೊಂದಕ್ಕೂ ಕಳುಹಿಸುವಂತಾಯಿತು. ಅದೇ ವರ್ಷದ ಜನವರಿಯ ಸ್ಲಾಮರ್, ಆಗಸ್ಟಿನ ಬ್ಲಾಸ್ಟರ್ ಎಂಬ ಕಂಪ್ಯೂಟರ್ ಹುಳುಗಳು ಹರಡಿದಾಗ, ಮನೆಯಲ್ಲಿ ಸೋಂಕು ತಗಲಿಸಿಕೊಂಡು ಬಂದ ಲ್ಯಾಪ್‌ಟಾಪ್ ಕಚೇರಿಯ ಸಾಕೆಟ್ ಮೂಲಕ ಒಳಗಿನ ಜಾಲವನ್ನು ಕೆಡಿಸಬಲ್ಲದೆಂಬುದು ಎಲ್ಲರಿಗೂ ಮನದಟ್ಟಾಯಿತು. ಆಗ ಬಳಕೆದಾರನ ಗುರುತಿನೊಂದಿಗೆ ಯಂತ್ರದ ಆರೋಗ್ಯವನ್ನೂ ಬಾಗಿಲಲ್ಲೇ ತಪಾಸಣೆ ಮಾಡುವ ಭಾರಿ ಯೋಜನೆಗಳು ಹುಟ್ಟಿದವು. ಅವುಗಳಲ್ಲಿ ಮೈಕ್ರೋಸಾಫ್ಟ್‌ನ ನ್ಯಾಪ್ 2008ರಲ್ಲಿ ಬಂದು, 2016ರ ವಿಂಡೋಸ್ ಸರ್ವರ್ ಆವೃತ್ತಿಯ ವೇಳೆಗೆ ತೆಗೆದುಹಾಕಲ್ಪಟ್ಟಿತು. ಅದರ ಕೆಳಗಿದ್ದ 802.1ಎಕ್ಸ್ ಉಳಿಯಿತು.

ಆದರೆ ಈ ಚರಿತ್ರೆಯ ನಿಜವಾದ ಕಗ್ಗಂಟು ಪ್ರಿಂಟರು. ಯೋಜನಾ ಪತ್ರಗಳಲ್ಲಿ ಪ್ರತಿ ಪೋರ್ಟಿನ ಆಚೆಗೂ ಹೆಸರು ಪಾಸ್‌ವರ್ಡುಗಳುಳ್ಳ ಮನುಷ್ಯನೊಬ್ಬ ಇರುತ್ತಾನೆ. ವಾಸ್ತವದ ಕಟ್ಟಡದಲ್ಲಿ ಮುದ್ರಣಯಂತ್ರ, ಹಾಜರಾತಿ ಯಂತ್ರ, ಕ್ಯಾಮೆರಾ, ಐಪಿ ದೂರವಾಣಿ, ಆಸ್ಪತ್ರೆಯಾದರೆ ಹಾಸಿಗೆ ಪಕ್ಕದ ಮಾಪನ ಯಂತ್ರ ಇರುತ್ತವೆ, ಅವುಗಳಲ್ಲಿ ಬಹಳಷ್ಟಕ್ಕೆ ಸಪ್ಲಿಕಂಟ್ ಇರಲಿಲ್ಲ. ತಯಾರಕರು ಇದಕ್ಕೆ ಮ್ಯಾಬ್ ಎಂಬ ಒಳದಾರಿಯನ್ನು ತೆರೆದರು: ಗುರುತೇನೆಂದು ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ ಸ್ವಿಚ್ಚು ಆ ಯಂತ್ರದ ಮ್ಯಾಕ್ ವಿಳಾಸವನ್ನೇ ಹೆಸರಾಗಿಯೂ ಪಾಸ್‌ವರ್ಡಾಗಿಯೂ ಸರ್ವರಿಗೆ ಕಳುಹಿಸುತ್ತದೆ. ಯಾವ ಪದ್ಧತಿಯ ದೌರ್ಬಲ್ಯದಿಂದ ಪಾರಾಗಲು 802.1ಎಕ್ಸ್ ಬಂದಿತೋ ಅದೇ ಪದ್ಧತಿ ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು. ಅದಕ್ಕೆ ತಗಲುತ್ತಿದ್ದ ಸಮಯವೂ ತೊಡಕಿನದು. ಸಿಸ್ಕೊದ ಮೂಲ ಹೊಂದಾಣಿಕೆಯಲ್ಲಿ ಪ್ರಶ್ನೆಯನ್ನು 30 ಸೆಕೆಂಡುಗಳ ಅಂತರದಲ್ಲಿ ಮೊದಲ ಸಲವೂ ಮತ್ತೆರಡು ಸಲವೂ ಕೇಳಿ ಕಾಯುವುದರಿಂದ ಒಳದಾರಿ ತೆರೆಯಲು 90 ಸೆಕೆಂಡು ಹಿಡಿಯುತ್ತಿತ್ತು. ಅಷ್ಟರಲ್ಲಿ ಎಷ್ಟೋ ಯಂತ್ರಗಳು ಐಪಿ ವಿಳಾಸಕ್ಕಾಗಿ ಕೇಳಿ ಕೇಳಿ ಬೇಸತ್ತು, 169.254 ಎಂದು ಆರಂಭವಾಗುವ ನಿರುಪಯೋಗಿ ವಿಳಾಸವನ್ನು ತಾವೇ ಇಟ್ಟುಕೊಂಡು ಕೂರುತ್ತಿದ್ದವು. ಈ ಕಾಲಾವಧಿಯನ್ನು ತೀರ ಇಳಿಸಿದರೆ ನಿಧಾನವಾಗಿ ಚಾಲನೆಗೊಳ್ಳುವ ನಿಜವಾದ ಕಂಪ್ಯೂಟರು ಉತ್ತರಿಸುವ ಮೊದಲೇ ಒಳದಾರಿಗೆ ತಳ್ಳಲ್ಪಡುತ್ತದೆ. ವಿಂಡೋಸ್ ವಿಸ್ಟಾದಿಂದ ಮುಂದಕ್ಕೆ ತಂತಿಯ ಸಪ್ಲಿಕಂಟ್ ಸೇವೆಯನ್ನು ತಾನಾಗಿ ಚಾಲನೆಯಾಗದಂತೆ ಇಟ್ಟದ್ದರಿಂದ ಅದನ್ನು ಕೇಂದ್ರೀಯ ನೀತಿಯ ಮೂಲಕ ಎಲ್ಲ ಯಂತ್ರಗಳಲ್ಲೂ ಎಬ್ಬಿಸುವ ಕೆಲಸವೂ ನಿರ್ವಾಹಕರ ತಲೆಗೆ ಬಂದಿತು. ಇಂಥ ಅನುಭವಗಳಿಂದಲೇ ಹಂತಹಂತವಾಗಿ ಅಳವಡಿಸುವ ರೂಢಿ ಬೆಳೆಯಿತು: ಮೊದಲು ಪೋರ್ಟನ್ನು ತೆರೆದಿಟ್ಟೇ ದೃಢೀಕರಣ ನಡೆಸಿ ಯಾರು ಪಾಸಾದರು, ಯಾರು ಫೇಲಾದರು ಎಂದು ದಾಖಲಿಸಿಕೊಳ್ಳುವುದು, ಬಳಿಕ ಅತ್ಯಗತ್ಯ ಸಂಚಾರವನ್ನಷ್ಟೇ ಬಿಡುವುದು, ಎಲ್ಲ ಯಂತ್ರಗಳ ಲೆಕ್ಕ ಸಿಕ್ಕಮೇಲೆ ಪೂರ್ತಿ ಮುಚ್ಚುವುದು. ಮೊದಲ ಹಂತದಲ್ಲೇ ನಿಂತುಬಿಟ್ಟ ಅಳವಡಿಕೆಯಿಂದ ಯಾರೂ ಹೊರಗುಳಿಯುವುದಿಲ್ಲವಾದ್ದರಿಂದ, ಅದನ್ನು ಕಾವಲೆನ್ನುವುದಕ್ಕಿಂತ ಸಂದರ್ಶಕರ ನೋಂದಣಿ ಪುಸ್ತಕವೆನ್ನುವುದೇ ನ್ಯಾಯ.

ನಿಸ್ತಂತು ಜಾಲದಲ್ಲಿ 2004ರಲ್ಲೇ ಮುಚ್ಚಿದ ಬಿರುಕು ತಂತಿಯಲ್ಲಿ ಇನ್ನೂ ಉಳಿದಿತ್ತು. ದೃಢೀಕರಣ ಸಾಮಾನ್ಯವಾಗಿ ಆರಂಭದಲ್ಲೊಮ್ಮೆ ನಡೆಯುತ್ತದೆ, ಅನಂತರದ ಫ್ರೇಮ್‌ಗಳಿಗೆ ಯಾವ ಮುದ್ರೆಯೂ ಇಲ್ಲ. ಆದ್ದರಿಂದ ಒಪ್ಪಿತ ಕಂಪ್ಯೂಟರಿಗೂ ಸಾಕೆಟ್‌ಗೂ ನಡುವೆ ಅಗ್ಗದ ಹಬ್ ಒಂದನ್ನು, ಅಂದರೆ ಬಂದದ್ದನ್ನು ಎಲ್ಲ ಕಡೆಗೂ ಎರಚುವ ಪೆಟ್ಟಿಗೆಯನ್ನು, ಸೇರಿಸಿ, ಅದೇ ಮ್ಯಾಕ್ ವಿಳಾಸವನ್ನು ಧರಿಸಿದ ಎರಡನೆಯ ಯಂತ್ರ ಒಳಗೆ ನುಸುಳಬಹುದೆಂದು ಮೈಕ್ರೋಸಾಫ್ಟ್‌ನಲ್ಲಿದ್ದ ಸ್ಟೀವ್ ರೈಲಿ 2005ರಲ್ಲಿ ಬರೆದು ಸಾಕಷ್ಟು ಚರ್ಚೆ ಎಬ್ಬಿಸಿದರು. 2011ರ ಡೆಫ್‌ಕಾನ್ ಸಮ್ಮೇಳನದಲ್ಲಿ ಆಲ್ವಾ ಡಕ್ವಾಲ್ ಅವರು ಇದನ್ನು, ಇದ್ದೂ ಇಲ್ಲದಂತೆ ನಡುವೆ ಕೂರುವ ಪುಟ್ಟ ಯಂತ್ರವೊಂದರ ಮೂಲಕ ಮಾಡಿ ತೋರಿಸಿದರು. ತಂತಿಯ ಪ್ರತಿ ಫ್ರೇಮನ್ನೂ ಗೂಢಲಿಪಿಗೊಳಿಸುವ ಮ್ಯಾಕ್‌ಸೆಕ್, ಅಂದರೆ 802.1ಎಇ, 2006ರಲ್ಲೇ ಮಾನಕವಾಗಿತ್ತು. ಅದಕ್ಕೆ ಬೇಕಾದ ಕೀಲಿಗಳನ್ನು ದೃಢೀಕರಣದಿಂದಲೇ ಪಡೆಯುವ ಕ್ರಮವನ್ನು 802.1ಎಕ್ಸ್‌ನ 2010ರ ಆವೃತ್ತಿ ಸೇರಿಸಿಕೊಂಡಿತು. ಕಾಗದದ ಮೇಲೆ ಬಿರುಕು ಅಲ್ಲಿಗೆ ಮುಚ್ಚಿತು. ಆದರೆ ಅದಕ್ಕೆ ಸ್ವಿಚ್ಚಿನಲ್ಲೂ ಕಂಪ್ಯೂಟರಿನಲ್ಲೂ ಬೆಂಬಲ ಬೇಕಾದ್ದರಿಂದ, ಮೇಜಿನ ಮೇಲಿನ ಯಂತ್ರಗಳವರೆಗೆ ಮ್ಯಾಕ್‌ಸೆಕ್ ತಲುಪಿದ್ದು ವಿರಳ. ಸ್ವಿಚ್ಚು ಸ್ವಿಚ್ಚುಗಳ ನಡುವೆಯೇ ಅದರ ಬಳಕೆ ಹೆಚ್ಚು.

ಮಾನಕದ ಅತ್ಯಂತ ಸುಂದರವಾದ ಉಪಯೋಗ ವಿಶ್ವವಿದ್ಯಾಲಯಗಳಿಂದ ಬಂದಿತು. ನೆದರ್ಲೆಂಡ್ಸ್‌ನ ಶೈಕ್ಷಣಿಕ ಜಾಲವಾದ ಸರ್ಫ್‌ನೆಟ್ಟಿನ ಕ್ಲಾಸ್ ವಿರೆಂಗಾ ಅವರು 2002ರಲ್ಲಿ ಮುಂದಿಟ್ಟ ವಿಚಾರದಿಂದ ಬೆಳೆದ ಎಜುರೋಮ್‌ನಲ್ಲಿ, ಒಂದು ವಿಶ್ವವಿದ್ಯಾಲಯದ ಸದಸ್ಯರು ಇನ್ನೊಂದಕ್ಕೆ ಹೋದಾಗ ತಮ್ಮದೇ ಹೆಸರು ಪಾಸ್‌ವರ್ಡುಗಳಿಂದ ಸಂಪರ್ಕ ಪಡೆಯುತ್ತಾರೆ. ಆತಿಥೇಯ ಸಂಸ್ಥೆ ಹೆಸರಿನ ಕೊನೆಯ ಭಾಗವನ್ನಷ್ಟೇ ನೋಡಿ ರೇಡಿಯಸ್ ಸರ್ವರುಗಳ ಸರಣಿಯ ಮೂಲಕ ತವರು ಸಂಸ್ಥೆಗೆ ವಿಚಾರಣೆಯನ್ನು ಕಳುಹಿಸುತ್ತದೆ, ಪಾಸ್‌ವರ್ಡು ಇಎಪಿ ಲಕೋಟೆಯೊಳಗಿನ ಸುರಂಗದಲ್ಲಿರುವುದರಿಂದ ದಾರಿಯಲ್ಲಿರುವ ಯಾರಿಗೂ ಕಾಣುವುದಿಲ್ಲ. ಭಾರತದಲ್ಲಿ ಈ ಸೇವೆಯ ನಿರ್ವಹಣೆ ಎರ್ನೆಟ್ ಇಂಡಿಯಾದ್ದು. 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು.

ಈಚಿನ ವರ್ಷಗಳಲ್ಲಿ ಇಡೀ ಏರ್ಪಾಡಿನ ವಯಸ್ಸು ಕಾಣತೊಡಗಿದೆ. 2024ರ ಜುಲೈನಲ್ಲಿ ಬಯಲಿಗೆ ಬಂದ ಬ್ಲಾಸ್ಟ್-ರೇಡಿಯಸ್ ಎಂಬ ದಾಳಿ, ಸ್ವಿಚ್ಚು ಮತ್ತು ಸರ್ವರುಗಳ ನಡುವೆ ನುಸುಳಿದವನು ಎಂಡಿ5 ಎಂಬ ಹಳೆಯ ಗಣಿತಕ್ರಮದ ದೌರ್ಬಲ್ಯವನ್ನು ಬಳಸಿ ತಿರಸ್ಕಾರವನ್ನು ಒಪ್ಪಿಗೆಯಾಗಿ ತಿದ್ದಬಹುದೆಂದು ತೋರಿಸಿತು. ಇಎಪಿ ಹೊತ್ತ ಸಂದೇಶಗಳಿಗೆ ಹೆಚ್ಚಿನ ಮುದ್ರೆಯೊಂದು ಮೊದಲಿನಿಂದಲೂ ಕಡ್ಡಾಯವಾಗಿದ್ದುದರಿಂದ 802.1ಎಕ್ಸ್ ದೃಢೀಕರಣ ಪಾರಾಯಿತು. ಒಳಜಾಲವೆಂಬುದನ್ನೇ ನಂಬಬಾರದು, ಪ್ರತಿ ಸೇವೆಯೂ ಪ್ರತಿ ಸಲವೂ ಗುರುತು ಕೇಳಬೇಕು ಎಂಬ ಹೊಸ ವಾದವು ಬಲಗೊಂಡಾಗ ಗೋಡೆಯ ಸಾಕೆಟ್‌ನ ಕಾವಲಿಗೆ ಇನ್ನು ಕೆಲಸವಿಲ್ಲವೆಂದು ಕೆಲವರು ಬರೆದದ್ದುಂಟು. ಆ ವಾದದ ಅತ್ಯಂತ ಪ್ರಸಿದ್ಧ ಮಾದರಿಯಾದ ಬಿಯಾಂಡ್‌ಕಾರ್ಪ್ ಯೋಜನೆಯನ್ನು ಗೂಗಲ್‌ನ ರೋರಿ ವಾರ್ಡ್ ಮತ್ತು ಬೆಟ್ಸಿ ಬೇಯರ್ ಅವರು 2014ರ ಡಿಸೆಂಬರಿನಲ್ಲಿ ಲೇಖನವೊಂದರಲ್ಲಿ ವಿವರಿಸಿದರು. ಆ ಲೇಖನದ ಪ್ರಕಾರವೇ, ಕಂಪನಿಯ ಕಟ್ಟಡಗಳಲ್ಲಿ ತಂತಿಯಿಂದಲಾಗಲಿ ವೈಫೈನಿಂದಲಾಗಲಿ ಸೇರುವ ಪ್ರತಿ ಯಂತ್ರವನ್ನೂ ಯಾವ ವಿಲ್ಯಾನ್‌ಗೆ ಹಾಕಬೇಕೆಂದು ನಿರ್ಧರಿಸುತ್ತಿದ್ದದ್ದು ರೇಡಿಯಸ್ ಸರ್ವರುಗಳು, 802.1ಎಕ್ಸ್ ದೃಢೀಕರಣದ ಆಧಾರದ ಮೇಲೆ.